ತೊಂಬತ್ತೊಂಬತ್ತೋ, ನೂರೋ

ಕಳೆದ ದೀಪಾವಳಿಗೆ ಚಿಕ್ಕಮಗಳೂರಿನ ಮನೆಗೆ ಹೋದಾಗ ಅಮ್ಮ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಸಿಟ್ಟಿದ್ದರು. "ಇದ್ರಲ್ಲಿ ನಿಂದು ಏನೇನಿದೆ ನೋಡಿ ತಗೊಂಡ್ಹೋಗು. ಉಳಿದಿದ್ದು ಗುಜರಿಗೆ" ಅಂದರು. ಹಳೇ ಮಾರ್ಕ್ಸ್ ಕಾರ್ಡು, ಸ್ಪೋರ್ಟ್‌ಸ್ಟಾರ್‌ನಿಂದ ಕಿತ್ತ ದ್ರಾವಿಡ್ ಪೋಸ್ಟರು, ಮುಚ್ಚಳ ಇಲ್ಲದ ಜಾಮಿಟ್ರಿ ಬಾಕ್ಸು. ಎಲ್ಲಕ್ಕಿಂತ ಅಡಿಯಲ್ಲಿ ಉದ್ದನೆಯ, ಹಸಿರು ರಟ್ಟಿನ ಸ್ಕೋರ್ ಬುಕ್. ಮೂಲೆಯೆಲ್ಲ ಬೂಸ್ಟು ಹಿಡಿದಿತ್ತು. ತೆರೆದರೆ ಕುದುರೆಮುಖದ ವಾಸನೆ. ನಿಜ ಹೇಳ್ತೀನಿ, ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ ಇರುತ್ತಲ್ಲ, ಅದೇ.

ಕುದುರೆಮುಖ ಅಂದರೆ ನಿಮಗೆ ಟ್ರೆಕ್ಕಿಂಗ್ ನೆನಪಾಗುತ್ತೆ. ಪರ್ಮಿಟ್ ತಗೊಂಡು, ವೀಕೆಂಡಿಗೆ ಬಂದು, ಹುಲ್ಲುಗಾವಲಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗೋ ಊರು. ನನಗೆ ಅದು ಸೈರನ್ ಕೂಗಿದಾಗ ಶಿಫ್ಟ್ ಬದಲಾಗುತ್ತಿದ್ದ ಊರು. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ಇರಾನಿನ ಷಾ ದುಡ್ಡು ಕೊಡ್ತೀನಿ, ಅದಿರು ಕೊಳ್ತೀನಿ ಅಂದಿದ್ದ. 1979ರಲ್ಲಿ ಅವನೇ ಗದ್ದುಗೆ ಬಿಟ್ಟು ಹೋದ. ಆದರೂ ಗಣಿ ನಡೆಯಿತು. ಮಲ್ಲೇಶ್ವರ ಅನ್ನೋ ಹಳ್ಳಿಯಿದ್ದ ಕಡೆ ಟೌನ್‌ಶಿಪ್ ಎದ್ದಿತು. ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ, ಆಟದ ಮೈದಾನ. ಅಪ್ಪ ಕಾನ್ಸಂಟ್ರೇಟರ್ ಪ್ಲಾಂಟಿನಲ್ಲಿದ್ದರು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿ ಅಂತ ಹೇಳಿತು; 2005ರ ಡಿಸೆಂಬರ್ 31ಕ್ಕೆ ನಿಂತಿತು. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ನಮ್ಮ ಮನೆಯ ಊಟದ ತಟ್ಟೆ ಮುಂದೆ ಸಾಕಷ್ಟು ನಡೆದಿದೆ, ಇಲ್ಲಿ ಬೇಡ. ಜನ ಖಾಲಿಯಾದರು. ಕ್ಲಬ್ಬಿನ ಕೋಣೆ ಖಾಲಿ ಮಾಡುವಾಗ ರದ್ದಿಗೆ ಹೋಗಬೇಕಿದ್ದ ಸ್ಕೋರ್ ಬುಕ್ಕನ್ನು ಅಪ್ಪ ಎತ್ತಿಕೊಂಡು ಬಂದಿದ್ದರು. "ನಿನ್ನ ಅಕ್ಷರ ಇದೆ ಅದ್ರಲ್ಲಿ" ಅಂದಿದ್ದರು.

ಇದೆ. ಅದೇ ತೊಂದರೆ.

1998ರ ಅಕ್ಟೋಬರ್‌ನ ಒಂದು ಭಾನುವಾರ. ನನಗೆ ಹನ್ನೆರಡು ವರ್ಷ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ರಿಕೆಟ್ ಅನ್ನೋದು ರೇಡಿಯೋದಲ್ಲಿ ಕೇಳೋ ವಸ್ತು ಅಷ್ಟೆ. ಮಳೆ ಬಿಟ್ಟ ಮೇಲೆ ಮೊದಲ ಮ್ಯಾಚು, ಕಳಸದ ಹುಡುಗರ ಮೇಲೆ, ಮೂವತ್ತು ಓವರು, ಮ್ಯಾಟಿಂಗ್ ಪಿಚ್ಚು. ಆಡೋಕೆ ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ನಾನು ಸ್ಕೋರರ್. ಕಳಸದವರ ಕಡೆಯಿಂದಲೂ ಒಬ್ಬ ಸ್ಕೋರರ್ ಇದ್ದ. ಮೆಣಸಿನಕಾಯಿ ಬಜ್ಜಿ ಬಂದಿದೆ ಅಂತ ಯಾರೋ ಹೇಳಿದ ಮೇಲೆ ಇರಲಿಲ್ಲ.

ಬ್ಯಾಟ್ ಮಾಡುತ್ತಿದ್ದವರು ನಾವೆಲ್ಲ ಫಿಟ್ಟರಣ್ಣ ಅಂತ ಕರೆಯುತ್ತಿದ್ದವರು. ಹೆಸರು ಹೇಳೋದಿಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ಕಾರ್ಕಳದ ಕಡೆಯವರು. ರಾತ್ರಿ ಶಿಫ್ಟ್ ಮುಗಿಸಿ ಎರಡು ತಾಸು ಮಲಗಿ ನೇರ ಮೈದಾನಕ್ಕೆ ಬಂದಿದ್ದರು. ಅವತ್ತು ಏನು ಮುಟ್ಟಿದರೂ ಬೌಂಡರಿ. ಇಪ್ಪತ್ನಾಲ್ಕನೇ ಓವರಿನಲ್ಲಿ ಅವರು 99. ಬಾಲ್ ಬಿತ್ತು, ಒಂದು 'ಟಕ್' ಕೇಳಿಸಿತು, ಬಾಲ್ ಫೈನ್ ಲೆಗ್ ಕಡೆ ಹೋಯಿತು, ಇಬ್ಬರೂ ಓಡಿದರು. ನಾನು ತಲೆ ಎತ್ತಿ ನೋಡ್ತೀನಿ, ಅಂಪೈರ್ ಒಂದು ಕಾಲೆತ್ತಿ ಮಂಡಿಯ ಹತ್ತಿರ ಕೈಯಿಂದ ಹೊಡೆದುಕೊಳ್ಳುತ್ತಿದ್ದಾರೆ. ಲೆಗ್ ಬೈ! ಕಾಲೆತ್ತಿ ಮಂಡಿ ಮುಟ್ಟಿದರೆ ಲೆಗ್ ಬೈ ಅಂತ ನನಗೆ ಬಾಯಿಪಾಠ. ಎಕ್ಸ್‌ಟ್ರಾಸ್ ಕಾಲಂನಲ್ಲಿ ಬರೆದೆ.

ಅತ್ತ ಮೈದಾನದಲ್ಲಿ ಫಿಟ್ಟರಣ್ಣ ಬ್ಯಾಟ್ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇತ್ತ ನನ್ನ ಪುಸ್ತಕದಲ್ಲಿ 99. ಎದ್ದು ಕೂಗಬೇಕಿತ್ತು. ಹನ್ನೆರಡು ವರ್ಷದ ಹುಡುಗ, ಅಷ್ಟು ಜನ ದೊಡ್ಡವರು ಖುಷಿಯಲ್ಲಿರುವಾಗ ಹೇಗೆ ಕೂಗೋದು? ನೂರಾಯಿತಲ್ಲ, ಇನ್ನೇನು ಅಂತ ಫಿಟ್ಟರಣ್ಣ ಮುಂದಿನ ಓವರಿನ ಮೊದಲ ಬಾಲನ್ನೇ ಆಕಾಶಕ್ಕೆ ಎತ್ತಿದರು. ಲಾಂಗ್ ಆನ್‌ನಲ್ಲಿ ಕ್ಯಾಚು. ನಗುತ್ತಾ ವಾಪಸ್ ಬಂದರು. ನನ್ನ ಹೆಗಲ ಮೇಲಿಂದ ಬಗ್ಗಿ ಪುಸ್ತಕ ನೋಡಿದರು.

"ಎಂಥದು ಮಾರಾಯ ಇದು?"

"ಲೆಗ್ ಬೈ ಅಣ್ಣ. ಅಂಪೈರ್ ಕೈ ತೋರ್ಸಿದ್ರು."

ಅಂಪೈರನ್ನು ಕೇಳಿದರು. ಅವರೋ, ಮೊದಲೇ ನಿಧಾನದ ಮನುಷ್ಯ. "ಲೆಗ್ ಬೈ ಕೊಟ್ಟ ನೆನಪಿಲ್ಲಪ್ಪ. ಇಂಬಳ ಹತ್ತಿತ್ತು, ಕೀಳ್ತಾ ಇದ್ದೆ" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಳೆ ಬಿಟ್ಟ ಹೊಸದರಲ್ಲಿ ನಮ್ಮ ಮೈದಾನದ ಅಂಚಿನ ಹುಲ್ಲಿನಲ್ಲಿ ಇಂಬಳ ಇಲ್ಲದ ಜಾಗ ಇರಲಿಲ್ಲ. ಆದರೆ ಕೊನೆಗೆ ಅಂಪೈರ್ ಹೇಳಿದ್ದು ಇಷ್ಟು: "ಬುಕ್ಕಲ್ಲಿ ಏನಿದೆಯೋ ಅದೇ." ಫಿಟ್ಟರಣ್ಣ ನಗಲಿಲ್ಲ, ಬೈಯಲೂ ಇಲ್ಲ. ಪ್ಯಾಡ್ ಬಿಚ್ಚುತ್ತಾ ಕೂತರು.

ನಮ್ಮ ಟೀಮು ಮ್ಯಾಚ್ ಗೆದ್ದಿತು. ಆದರೆ ಇದನ್ನು ಕೇಳಿ: ಆ ಹಸಿರು ಪುಸ್ತಕದಲ್ಲಿ 2005ರ ಡಿಸೆಂಬರ್‌ವರೆಗೂ ಮ್ಯಾಚುಗಳಿವೆ. ಒಬ್ಬನೇ ಒಬ್ಬ ನೂರು ಹೊಡೆದಿಲ್ಲ. 99 ಅಲ್ಲಿನ ಅತ್ಯಧಿಕ.

ಆಮೇಲೆ ನಾನು ರೆಕಾರ್ಡುಗಳ ಹುಚ್ಚು ಹಿಡಿಸಿಕೊಂಡೆ. ಪಾಪಪ್ರಜ್ಞೆಯಿಂದಲೋ ಏನೋ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬ್ರಾಡ್ಮನ್‌ನಿಂದ ಹಿಡಿದು ಎಲ್ಲರ ಅಂಕಿ ಬರೆದಿಟ್ಟಿದ್ದೆ. ಬ್ರಾಡ್ಮನ್ ಕಥೆ ನಿಮಗೆ ಗೊತ್ತೇ ಇದೆ. 1948ರ ಆಗಸ್ಟ್, ಓವಲ್, ಸರಾಸರಿ ನೂರಾಗಲು ಕೊನೆಯ ಇನಿಂಗ್ಸಿನಲ್ಲಿ ನಾಲ್ಕು ರನ್ ಸಾಕು, ಎರಿಕ್ ಹಾಲೀಸ್ ಎರಡನೇ ಬಾಲಿಗೇ ಬೌಲ್ಡ್ ಮಾಡಿದ. 99.94. ಇದನ್ನು ಎಲ್ಲರೂ ಹೇಳುತ್ತಾರೆ, ಬಿಡಿ. ನನಗೆ ಹೆಚ್ಚು ಮಜಾ ಅನ್ನಿಸಿದ್ದು ನಮ್ಮ ಕಡೆಯವರ ಲೆಕ್ಕ.

ಮ್ಯಾಪ್ ತೆಗೆದು ನೋಡಿ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟೋ ಭದ್ರಾ ನಮ್ಮ ಟೌನ್‌ಶಿಪ್ ಪಕ್ಕದಲ್ಲೇ ಹರಿದು, ಕಳಸ, ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿ ಡ್ಯಾಮಿನಲ್ಲಿ ನಿಂತು ಭದ್ರಾವತಿಗೆ ಹೋಗುತ್ತೆ. ಅದೂ ಕಬ್ಬಿಣದ ಊರೇ. ಅಲ್ಲಿ 1949ರ ಫೆಬ್ರುವರಿ 12ರಂದು ಹುಟ್ಟಿದವರು ಗುಂಡಪ್ಪ ವಿಶ್ವನಾಥ್. ಇನ್ನೊಂದು ದಿಕ್ಕಿಗೆ, ಅದಿರನ್ನು ನೀರಲ್ಲಿ ಕಲೆಸಿ ಘಟ್ಟದ ಕೆಳಗೆ ಕಳಿಸುತ್ತಿದ್ದ 67 ಕಿಲೋಮೀಟರ್ ಪೈಪು. ಅದು ಹೋಗಿ ಮುಟ್ಟೋದು ಪಣಂಬೂರು. ಅಲ್ಲಿಂದ ಹತ್ತಿರವೇ ಸುರತ್ಕಲ್, ಕೆ.ಎಲ್. ರಾಹುಲ್ ಬೆಳೆದ ಊರು. ಇನ್ನೊಂದಿಷ್ಟು ಉತ್ತರಕ್ಕೆ ಹೋದರೆ ಮೂಲ್ಕಿ, ಬುಧಿ ಕುಂದರನ್ ಹುಟ್ಟಿದ ಊರು. ನೀರು ಹೋದ ಕಡೆ ಒಬ್ಬ, ಅದಿರು ಹೋದ ಕಡೆ ಇಬ್ಬರು. ಕುದುರೆಮುಖದಿಂದ ಮಾತ್ರ ಯಾರೂ ಇಲ್ಲ ಅಂತ ನನಗೆ ಆಗ ಭಾರೀ ಬೇಜಾರು.

ವಿಶ್ವನಾಥ್ ಶುರು ಮಾಡಿದ್ದೇ ವಿಚಿತ್ರವಾಗಿ. 1967ರಲ್ಲಿ ಮೈಸೂರು ತಂಡಕ್ಕೆ ಮೊದಲ ರಣಜಿ ಪಂದ್ಯ, ಆಂಧ್ರದ ಮೇಲೆ, 230. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟು, ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೇ ಇನಿಂಗ್ಸಿನಲ್ಲಿ 137. ಒಟ್ಟು 91 ಟೆಸ್ಟು, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಈ ಕೊನೆಯ ಸಾಲನ್ನು ನಾನು ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೆ.

ಆದರೆ ವಿಶಿ ಅಂದಕೂಡಲೇ ಅಪ್ಪನ ವಯಸ್ಸಿನವರು ಹೇಳೋದು ಆ 14ರಲ್ಲಿ ಯಾವುದನ್ನೂ ಅಲ್ಲ. 1975ರ ಜನವರಿ, ಚೆಪಾಕ್, ವೆಸ್ಟ್ ಇಂಡೀಸ್. ಆಂಡಿ ರಾಬರ್ಟ್ಸ್ ಬೆಂಕಿ. 64 ರನ್ನಿಗೆ ಏಳು ವಿಕೆಟ್ ತೆಗೆದ. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಒಬ್ಬರದೇ ಔಟಾಗದೆ 97. ಕೊನೆಗೆ ಜೊತೆಗಿದ್ದವರು ಚಂದ್ರಶೇಖರ್, ನಮ್ಮವರೇ. ಚಂದ್ರ ಎಂಥ ಬ್ಯಾಟ್ಸ್‌ಮನ್ ಅಂದರೆ, ಟೆಸ್ಟಿನಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167. ಅವರು ಔಟಾದರು, ವಿಶಿ ಮೂರು ರನ್ ದೂರದಲ್ಲಿ ನಿಂತುಬಿಟ್ಟರು. ಭಾರತ ಆ ಟೆಸ್ಟನ್ನು ಸರಿಯಾಗಿ ನೂರು ರನ್ನಿಂದ ಗೆದ್ದಿತು. 2001ರಲ್ಲಿ ವಿಸ್ಡನ್ ನೂರು ಶ್ರೇಷ್ಠ ಟೆಸ್ಟ್ ಇನಿಂಗ್ಸ್‌ಗಳ ಪಟ್ಟಿ ಮಾಡಿದಾಗ ಈ 97 ಅದರಲ್ಲಿತ್ತು. ಅಪ್ಪ ರೇಡಿಯೋದಲ್ಲಿ ಕೇಳಿದ್ದರಂತೆ. ನೂರು ರನ್ನಿನ ಗೆಲುವಿನ ವಿಷಯ ಮರೆತಿದ್ದಾರೆ. 97 ಮರೆತಿಲ್ಲ.

ಕುಂದರನ್ ಬಗ್ಗೆ ನಮ್ಮ ಕಾಲದವರಿಗೆ ಗೊತ್ತೇ ಇಲ್ಲ, ಅದು ಅನ್ಯಾಯ. ವಿಕೆಟ್ ಕೀಪರ್. ರಣಜಿ ಆಡುವ ಮೊದಲೇ ಟೆಸ್ಟ್ ಆಡಿದ ಮನುಷ್ಯ. ಆಮೇಲೆ ರೈಲ್ವೇಸ್ ಪರ ರಣಜಿಗೆ ಇಳಿದು ಮೊದಲ ಪಂದ್ಯದಲ್ಲೇ 205 ಹೊಡೆದರು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಮೇಲೆ 192. ಆ ಸರಣಿಯಲ್ಲಿ ಒಟ್ಟು 525. ಭಾರತದ ಕೀಪರ್ ಒಬ್ಬ ಟೆಸ್ಟಿನಲ್ಲಿ ಹೊಡೆದ ಅತ್ಯಧಿಕ ರನ್ ಅನ್ನೋ ಆ 192ರ ದಾಖಲೆ 2013ರ ತನಕ ಉಳಿಯಿತು. ಮುರಿದವರು ಧೋನಿ, 224, ಅದೂ ಅದೇ ಊರಲ್ಲಿ. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಇದೇ ಕುಂದರನ್ ಬ್ಯಾಟಿಂಗೂ ಓಪನ್ ಮಾಡಿದರು, ಬೌಲಿಂಗೂ ಓಪನ್ ಮಾಡಿದರು. ನೀನು ಏನು ಹಾಕ್ತೀಯ ಅಂತ ಕ್ಯಾಪ್ಟನ್ ಪಟೌಡಿ ಕೇಳಿದ್ದಕ್ಕೆ ನನಗೇ ಗೊತ್ತಿಲ್ಲ ಅಂದರಂತೆ. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದರು, 2006ರಲ್ಲಿ ಅಲ್ಲೇ ತೀರಿಕೊಂಡರು. 18 ಟೆಸ್ಟು, 981 ರನ್. ಇನ್ನು 19 ಹೊಡೆದಿದ್ದರೆ ಸಾವಿರ.

ರಾಹುಲ್ 2016ರ ಡಿಸೆಂಬರ್‌ನಲ್ಲಿ ಚೆಪಾಕ್‌ನಲ್ಲೇ ಇಂಗ್ಲೆಂಡ್ ಮೇಲೆ 199ಕ್ಕೆ ಔಟಾದಾಗ ನಾನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಟಿವಿ ಮುಂದೆ ಕೂತಿದ್ದೆ. ರಶೀದ್ ಹಾಕಿದ ವೈಡ್ ಬಾಲು, ಬಟ್ಲರ್ ಕೈಗೆ ಕ್ಯಾಚು. ನನಗೆ ಲಾಂಗ್ ಆನ್‌ನ ಆ ಕ್ಯಾಚು ಕಣ್ಣಮುಂದೆ ಬಂತು. ರಾಹುಲ್ ಮೈದಾನದಲ್ಲೇ ಬ್ಯಾಟ್ ಹಿಡಿದು ಕುಸಿದು ಕೂತ ಹಾಗಾಯಿತು. ಅದೇ ಇನಿಂಗ್ಸಿನಲ್ಲಿ ಕರುಣ್ ನಾಯರ್ ಔಟಾಗದೆ 303. ಮೊದಲ ಟೆಸ್ಟ್ ಶತಕವನ್ನೇ ಮುನ್ನೂರು ಮಾಡಿದವರು ಪ್ರಪಂಚದಲ್ಲಿ ಅವರಿಗಿಂತ ಮೊದಲು ಇಬ್ಬರೇ, ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಮುಂದಿನ ಟೆಸ್ಟಿಗೆ ಕರುಣ್‌ಗೆ ಹನ್ನೊಂದರಲ್ಲಿ ಜಾಗ ಇರಲಿಲ್ಲ. 2017ರ ಮಾರ್ಚ್ ನಂತರ ಟೆಸ್ಟೇ ಇಲ್ಲ. ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆಯಲ್ಲಿ 779 ರನ್, ಔಟಾಗಿದ್ದು ಎರಡೇ ಸಲ. ಆಗ 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರೆ ಬಂತು. ವಾಪಸ್ ಬಂದ ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಅಪ್ರೈಸಲ್ ಟೈಮಲ್ಲಿ ನಾನು ಕರುಣ್‌ನ ನೆನೆಸಿಕೊಳ್ತೀನಿ, ಸಮಾಧಾನ ಆಗೋದಿಲ್ಲ, ಆದರೂ.

ಇನ್ನು ಬೇಸ್‌ಬಾಲ್. ಅದು ನನ್ನ ಬದುಕಿಗೆ ಬಂದದ್ದು ಕ್ಲೈಂಟ್ ಕಾಲ್ ಮೂಲಕ. ನಮ್ಮ ಪ್ರಾಜೆಕ್ಟಿನ ಆ ಕಡೆಯ ಮ್ಯಾನೇಜರ್ ಡೆಟ್ರಾಯ್ಟ್‌ನವರು. ರಾತ್ರಿ ಹತ್ತೂವರೆಗೆ ಎಲ್ಲರೂ ಜಾಯಿನ್ ಆಗೋ ತನಕ ಐದು ನಿಮಿಷ ಏನಾದರೂ ಮಾತಾಡಬೇಕಲ್ಲ, ನಾನು ಕ್ರಿಕೆಟ್ ಹೇಳಿದರೆ ಅವರು ಬೇಸ್‌ಬಾಲ್ ಹೇಳೋರು. ಅಲ್ಲಿ ಬ್ಯಾಟಿಂಗ್ ಸರಾಸರಿ ಅಂದರೆ ಬೇರೆ ಲೆಕ್ಕ: ಬ್ಯಾಟ್ ಹಿಡಿದ ನೂರು ಸಲದಲ್ಲಿ ಎಷ್ಟು ಸಲ ಹೊಡೆದು ಬೇಸ್ ಮುಟ್ಟಿದೆ ಅನ್ನೋದು. ಮೂವತ್ತು ಸಲ ಅಂದರೆ ಒಳ್ಳೇ ಆಟಗಾರ. ನಲವತ್ತು ಅಂದರೆ ದೇವರು. 1941ರಲ್ಲಿ ಟೆಡ್ ವಿಲಿಯಮ್ಸ್‌ನ ಸರಾಸರಿ ಕೊನೆಯ ದಿನದ ಹೊತ್ತಿಗೆ .39955 ಇತ್ತಂತೆ. ರೌಂಡ್ ಮಾಡಿದರೆ .400. ಬೇಕಾದ್ರೆ ಇವತ್ತು ಆಡಬೇಡ, ಹಾಗೇ ಉಳಿಯುತ್ತೆ ಅಂದರು ಮ್ಯಾನೇಜರ್. ಅವನು ಆಡಿದ. ಅವತ್ತು ಎರಡು ಮ್ಯಾಚು, ಎಂಟು ಸಲಕ್ಕೆ ಆರು ಹಿಟ್. .406ಕ್ಕೆ ಮುಗಿಸಿದ. ಈ ಕಥೆ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು, ನಮ್ಮ ಕಡೆ ಮೂರು ರನ್, ಒಂದು ರನ್ ಬಾಕಿ ಕಥೆಗಳೇ ಜಾಸ್ತಿ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅವರದೇ ಊರಿನ ಟೈ ಕಾಬ್ ಕಥೆ. 1910ರಲ್ಲಿ ಆ ವರ್ಷದ ಅತ್ಯುತ್ತಮ ಸರಾಸರಿಗೆ ಒಂದು ಕಾರು ಬಹುಮಾನ. ಡೆಟ್ರಾಯ್ಟ್‌ನ ಕಾಬ್‌ಗೂ ಕ್ಲೀವ್‌ಲ್ಯಾಂಡ್‌ನ ಲಾಜೋಯಿಗೂ ಪೈಪೋಟಿ. ಕಾಬ್ ಅಂದರೆ ಯಾರಿಗೂ ಆಗುತ್ತಿರಲಿಲ್ಲ, ಅಷ್ಟು ಕೆಟ್ಟ ಬಾಯಿ. ಕೊನೆಯ ದಿನ ಎದುರಾಳಿ ತಂಡವೇ ಲಾಜೋಯಿಗೆ ಹೊಡೆಯಲು ಅನುಕೂಲ ಮಾಡಿಕೊಟ್ಟಿತು, ಎಂಟು ಹಿಟ್ ಸಿಕ್ಕಿತು. ಆದರೂ ಲೀಗಿನವರ ಲೆಕ್ಕದಲ್ಲಿ ಕಾಬ್ .385, ಲಾಜೋಯಿ .384. ಕಾರಿನ ಕಂಪನಿ ಜಗಳ ಬೇಡ ಅಂತ ಇಬ್ಬರಿಗೂ ಕೊಟ್ಟಿತು. ಎಪ್ಪತ್ತು ವರ್ಷ ಕಳೆದ ಮೇಲೆ, 1981ರಲ್ಲಿ, ಹಳೇ ಲೆಡ್ಜರ್ ತಿರುವಿ ಹಾಕಿದವರಿಗೆ ಗೊತ್ತಾಯಿತು: ಕಾಬ್‌ನ ಒಂದು ಮ್ಯಾಚನ್ನು ಎರಡು ಸಲ ಬರೆದುಬಿಟ್ಟಿದ್ದಾರೆ. ಎರಡು ಹಿಟ್ ಸುಳ್ಳು. ಜೀವಮಾನದ 4191, ನಿಜವಾಗಿ 4189. ಆಗಿನ ಕಮಿಷನರ್ ತಿದ್ದೋದಿಲ್ಲ ಅಂದರು. 1985ರ ಸೆಪ್ಟೆಂಬರ್ 11ರಂದು ಪೀಟ್ ರೋಸ್ ತನ್ನೂರು ಸಿನ್ಸಿನಾಟಿಯಲ್ಲಿ 4192ನೆಯದನ್ನು ಹೊಡೆದು ದಾಖಲೆ ಮುರಿದ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸರಿಯಾದ ಲೆಕ್ಕ ಹಿಡಿದರೆ ದಾಖಲೆ ಮೂರು ದಿನ ಮೊದಲೇ ಶಿಕಾಗೋದಲ್ಲಿ ಮುರಿದಿತ್ತು, ಯಾರೂ ಗಮನಿಸಲಿಲ್ಲ.

ತಿದ್ದಿದ್ದೂ ಉಂಟು. ಹ್ಯಾಕ್ ವಿಲ್ಸನ್ ಅನ್ನೋನು 1930ರಲ್ಲಿ 190 ರನ್ ತರಿಸಿದ ಅಂತ ದಾಖಲೆ ಇತ್ತು, 1999ರಲ್ಲಿ 191 ಮಾಡಿದರು. 69 ವರ್ಷ ಆದ ಮೇಲೆ ಒಂದು ರನ್ನು! ಅವನು ಸತ್ತು ಅರ್ಧ ಶತಮಾನ ಆಗಿತ್ತು. 2024ರಲ್ಲಂತೂ ಕಪ್ಪು ಜನರ ಲೀಗುಗಳ ಅಂಕಿಯನ್ನು ಕೊನೆಗೂ ಮುಖ್ಯ ದಾಖಲೆಗೆ ಸೇರಿಸಿದರು. ಜಾಶ್ ಗಿಬ್ಸನ್‌ನ ಜೀವಮಾನದ ಸರಾಸರಿ.372, ಕಾಬ್‌ನ .367 ಕೆಳಗಾಯಿತು. ಬಿಳಿಯರ ಜೊತೆ ಆಡಲು ಬಿಡದಿದ್ದ ಆಟಗಾರ. ಹಳೇ ಪೇಪರು, ಹಳೇ ಸ್ಕೋರ್ ಶೀಟು ಹುಡುಕಿ ಹುಡುಕಿ ಕೂಡಿಸಿದ ಲೆಕ್ಕ ಅದು. ಎಲ್ಲೋ ಮೈದಾನದ ಅಂಚಿನಲ್ಲಿ ಕೂತು ಪೆನ್ಸಿಲ್ ಹಿಡಿದವನು ಬರೆದಿಟ್ಟಿದ್ದಷ್ಟೇ ಸಿಕ್ಕಿದ್ದು.

ಹಾಗಾಗಿ ದೀಪಾವಳಿಯ ಮರುದಿನ ನಾನೂ ಕೂತೆ. ಹಸಿರು ಪುಸ್ತಕ, ಒಂದು ಹಾಳೆ, ಫೋನಿನ ಕ್ಯಾಲ್ಕುಲೇಟರ್. ಸ್ಕೋರ್ ಬುಕ್ಕಿನ ಒಳ್ಳೇ ಗುಣ ಏನಂದ್ರೆ ಅದೇ ಮ್ಯಾಚನ್ನು ಎರಡು ಸಲ ಹೇಳುತ್ತೆ: ಮೇಲೆ ಬ್ಯಾಟ್ಸ್‌ಮನ್ ಕಡೆಯಿಂದ, ಕೆಳಗೆ ಬೌಲರ್ ಕಡೆಯಿಂದ. ಎರಡೂ ತಾಳೆಯಾಗಬೇಕು. ಬ್ಯಾಟ್ಸ್‌ಮನ್‌ಗಳದ್ದು 168, ವೈಡ್ ನೋಬಾಲ್ 7, ಬೈ ಲೆಗ್ ಬೈ 12. ಒಟ್ಟು 187. ಸರಿ. ಕೆಳಗೆ ಬೌಲರ್‌ಗಳು ಕೊಟ್ಟಿದ್ದು 175 ಬರಬೇಕು. 176 ಬಂತು. ಮತ್ತೆ ಕೂಡಿಸಿದೆ. 176. ಓವರ್ ಓವರ್ ನೋಡುತ್ತಾ ಹೋದೆ. ಇಪ್ಪತ್ನಾಲ್ಕನೇ ಓವರಿನ ಡಬ್ಬಿಯಲ್ಲಿ, ನಾಲ್ಕನೇ ಬಾಲಿಗೆ, ನನ್ನದೇ ದುಂಡು ಅಕ್ಷರದಲ್ಲಿ '1'. ಲೆಗ್ ಬೈ ಆಗಿದ್ದರೆ ಅಲ್ಲಿ ಚುಕ್ಕೆ ಇರಬೇಕಿತ್ತು. ಅಂದರೆ 'ಟಕ್' ಕೇಳಿದ ತಕ್ಷಣ ಕೈ ತಾನಾಗಿ ಒಂದು ರನ್ ಬರೆದಿದೆ. ಆಮೇಲೆ ತಲೆ ಎತ್ತಿದ್ದೀನಿ, ಇಂಬಳ ಕೀಳುತ್ತಿದ್ದ ಅಂಪೈರನ್ನು ನೋಡಿದ್ದೀನಿ, ಮೇಲೆ ಲೆಗ್ ಬೈ ಹಾಕಿದ್ದೀನಿ, ಕೆಳಗೆ ತಿದ್ದೋದು ಮರೆತಿದ್ದೀನಿ.

ಇದು ಸಾಕ್ಷಿಯಾ? ಕೋರ್ಟಿನಲ್ಲಿ ನಿಲ್ಲಲಿಕ್ಕಿಲ್ಲ. ಬ್ಯಾಟೋ ಪ್ಯಾಡೋ ಅಂತ ಬೌಂಡರಿ ಆಚೆ ಕೂತ ಹುಡುಗನ ಕಿವಿಯನ್ನು ಎಷ್ಟು ನಂಬೋದು? ಆದರೆ ಆ ಕಿವಿ ನನ್ನದು.

ಆ ದಿನಗಳಲ್ಲಿ ಒಮ್ಮೆ ಕುದುರೆಮುಖದ ಕಡೆ ಹೋಗಿ ಬಂದೆ. ಕ್ವಾರ್ಟರ್ಸ್ ಸಾಲುಗಳಲ್ಲಿ ಹೆಚ್ಚಿನವು ಖಾಲಿ, ಗೋಡೆ ಮೇಲೆ ಹಾವಸೆ. ನಾನು ಕೂತು ಬರೆಯುತ್ತಿದ್ದ ಜಾಗದಲ್ಲಿ ಸೊಂಟದೆತ್ತರ ಗಿಡ. ಅಲ್ಲಿನ ದಾಖಲೆ ಮುರಿಯೋರು ಇನ್ನು ಯಾರೂ ಬರೋದಿಲ್ಲ. 99 ಆದರೆ 99, 100 ಆದರೆ 100, ಕಾಯಂ.

ಅಪ್ಪನ ಹಳೇ ಸ್ನೇಹಿತರ ಮೂಲಕ ಫಿಟ್ಟರಣ್ಣನ ನಂಬರ್ ಸಿಕ್ಕಿತು. ಕಾರ್ಕಳದಲ್ಲೇ ಇದ್ದಾರೆ, ಮೊಮ್ಮಕ್ಕಳಾಗಿವೆ. ಅಪ್ಪನ ಹೆಸರು ಹೇಳಿದ ಮೇಲೆ ಗುರುತು ಹಿಡಿದರು.

"ಓ, ಸ್ಕೋರರ್! ಹೇಳು ಮಾರಾಯ."

ಹೇಳಿದೆ. 175, 176, ಡಬ್ಬಿಯೊಳಗಿನ ಒಂದು, ಎಲ್ಲಾ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು.

"ಬ್ಯಾಟಿಗೆ ತಾಗಿದ್ದು ನನಗೆ ಅವತ್ತೇ ಗೊತ್ತಿತ್ತಲ್ಲ" ಅಂದರು. "ನೀನು ಈಗ ಹೇಳ್ತಿದ್ದಿ."

"ತಪ್ಪಾಯ್ತು ಅಣ್ಣ. ನಾನು ಆವಾಗ್ಲೇ ಕೂಗಿದ್ರೆ ನೀವು ಆ ಶಾಟ್ ಹೊಡೀತಿರ್ಲಿಲ್ಲ."

"ಹೊಡೀತಿದ್ದೆ. ನಿದ್ದೆ ಬರ್ತಿತ್ತು ಮಾರಾಯ." ಮತ್ತೆ ಸ್ವಲ್ಪ ತಡೆದು, "ಆ ಪೇಜಿನದ್ದು ಫೋಟೋ ಕಳ್ಸು. ಮೊಮ್ಮಗನಿಗೆ ತೋರಿಸ್ಬೇಕು. ನಂಬುದಿಲ್ಲ ಅವ."

"ತಿದ್ದಿ ಕಳ್ಸ್ಲಾ, ಹಾಗೇ ಕಳ್ಸ್ಲಾ?"

"ನಿನ್ನ ಬುಕ್ಕು. ನಿನಗೆ ಬಿಟ್ಟದ್ದು."

ಅರ್ಧ ಗಂಟೆ ಪೆನ್ಸಿಲ್ ಹಿಡಿದು ಕೂತಿದ್ದೆ. ಕೊನೆಗೆ 99 ಅಳಿಸಲಿಲ್ಲ. ಪಕ್ಕದಲ್ಲಿ ಸಣ್ಣದಾಗಿ 100 ಅಂತ ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಎರಡು ನೀಲಿ ಟಿಕ್ ಬಂತು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬೆಳಗ್ಗೆ ಮೀಟಿಂಗಿನಲ್ಲಿದ್ದಾಗ ಮೆಸೇಜು:

"ಹನ್ನೊಂದನೇ ಓವರಿನ ಬೌಲರ್ ಹೆಸರು ತಪ್ಪು ಬರ್ದಿದ್ದಿ. ಅವ ಅಲ್ಲ, ಅವನ ತಮ್ಮ."